ಕೊರಳಿಗೆ ಕಟ್ಟಿದ ದನಿ

ವಿಜಯಲಕ್ಷ್ಮಿ ತನ್ನದೇ ದನಿಯನ್ನು ಬೀದಿಯಲ್ಲಿ ನಿಂತು ಕೇಳಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಜೆ.ಪಿ. ನಗರದ ಆರನೇ ಹಂತದ ಒಂದು ಅಡ್ಡರಸ್ತೆ, ಬೆಳಗಿನ ಏಳೂವರೆ. ಸೊಪ್ಪಿನ ತಳ್ಳುಗಾಡಿಯ ಮುಂದೆ ನಿಂತಿದ್ದ ಹೆಂಗಸೊಬ್ಬಳಿಗೆ ನಾರಾಯಣಮ್ಮ ಹೇಳುತ್ತಿದ್ದರು:

"ಕರಿಬೇವು ಸುಮ್ನೆ ಕೊಡಕ್ಕಾಗಲ್ಲಮ್ಮ. ನಂಗೇನು ಯಾರಾದ್ರೂ ಸುಮ್ನೆ ಕೊಡ್ತಾರಾ?"

ತುಟಿ ಅಲ್ಲಾಡಿದ್ದು ನಾರಾಯಣಮ್ಮನದು. ಹೊರಗೆ ಬಿದ್ದ ದನಿ ವಿಜಯಲಕ್ಷ್ಮಿಯದು.

ನಾರಾಯಣಮ್ಮನಿಗೆ ಸ್ವಂತ ದನಿ ಇರಲಿಲ್ಲ. ಗಂಟಲಿಗೆ ಕ್ಯಾನ್ಸರ್ ಬಂದು ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಕತ್ತಿನ ಬುಡದಲ್ಲಿ ಮಾಡಿದ್ದ ತೂತಿನಿಂದ ಉಸಿರಾಡುತ್ತಿದ್ದರು. ಅದನ್ನು ಮುಚ್ಚಲು ತೆಳುವಾದ ಒಂದು ಬಿಳಿ ಬಟ್ಟೆ. ಐವತ್ತಾರು ವರ್ಷದ ಹೆಂಗಸು, ಜರಗನಹಳ್ಳಿಯ ಒಂದು ವಠಾರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳನ್ನು ಗೊಟ್ಟಿಗೆರೆಗೆ ಕೊಟ್ಟಿದ್ದರು. ಆಪರೇಷನ್ ಆದ ಮೇಲೂ ವ್ಯಾಪಾರ ನಿಂತಿರಲಿಲ್ಲ. ಅಳಿಯ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದು ಸಣ್ಣ ಬ್ಯಾಟರಿ ಮೈಕು ತಂದು, ತನ್ನ ದನಿಯಲ್ಲಿ "ಪಾಲಕ್, ಮೆಂತ್ಯ, ದಂಟು, ಸಬ್ಬಸಿಗೆ" ಎಂದು ಒಂದು ಸಲ ಕೂಗಿ ತುಂಬಿಸಿಕೊಟ್ಟಿದ್ದ. ಅದು ದಿನವಿಡೀ ಅದನ್ನೇ ಕೂಗುತ್ತಿತ್ತು. ಆದರೆ ಕೂಗುವುದು ಬೇರೆ, ಮಾತಾಡುವುದು ಬೇರೆ. ಚೌಕಾಸಿ ಮಾಡುವವರ ಮುಂದೆ, ಗಾಡಿಗೆ ಸ್ಕೂಟರ್ ತಾಗಿಸಿ ಹೋಗುವವರ ಮುಂದೆ, ಫೋನಿನಲ್ಲಿ ಅಜ್ಜಿ ಅಜ್ಜಿ ಎನ್ನುವ ಮೊಮ್ಮಗಳ ಮುಂದೆ ನಾರಾಯಣಮ್ಮ ಎರಡು ವರ್ಷ ಮೂಕಿಯಾಗಿದ್ದರು.

ವಿಜಯಲಕ್ಷ್ಮಿ ಜಮಖಂಡಿಯವಳು. ಬೆಂಗಳೂರಿಗೆ ಬಂದು ಹತ್ತೊಂಬತ್ತು ವರ್ಷ. ಬನ್ನೇರುಘಟ್ಟ ರಸ್ತೆಯಲ್ಲಿದ್ದ ದೊಡ್ಡ ಕಂಪನಿಯೊಂದರ ಸಂಶೋಧನಾ ವಿಭಾಗದಲ್ಲಿ ಕೆಲಸ. ಇಪ್ಪತ್ತು ದೇಶಗಳಲ್ಲಿ ಕಚೇರಿಗಳಿದ್ದ ಕಂಪನಿ. ಬಿಟಿಎಂ ಎರಡನೇ ಹಂತದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಾನಾಗಿಯೇ ನಿಂತುಹೋಗಿತ್ತು. ನಾರಾಯಣಮ್ಮನಿಗೆ ಮತ್ತೆ ಮಾತು ಕೊಟ್ಟ, ಗಲ್ಲದ ಕೆಳಗೆ ಕಟ್ಟಿಕೊಳ್ಳುವ ಪಟ್ಟಿಯನ್ನು ಮಾಡಿದವಳು ಅವಳೇ. ದನಿಯಿಲ್ಲದೆ ಬರೀ ಬಾಯಾಡಿಸಿದರೂ ಕತ್ತಿನ ಸ್ನಾಯುಗಳು ಅಲುಗುತ್ತವಲ್ಲ, ಆ ಅಲುಗಾಟವನ್ನು ಪಟ್ಟಿ ಓದುತ್ತಿತ್ತು; ಯಾವ ಮಾತೆಂದು ಫೋನು ಗುರುತಿಸಿ ಗಟ್ಟಿಯಾಗಿ ಆಡುತ್ತಿತ್ತು.

ಆಡಲು ಒಂದು ದನಿ ಬೇಕಿತ್ತು. ನಾರಾಯಣಮ್ಮನ ಹಳೆಯ ದನಿ ಎಲ್ಲೂ ರೆಕಾರ್ಡ್ ಆಗಿರಲಿಲ್ಲ. ಅವರ ಮದುವೆಗೇ ವಿಡಿಯೋ ಮಾಡಿಸಿರಲಿಲ್ಲ, ಇನ್ನು ದನಿಯನ್ನು ಯಾರು ಹಿಡಿದಿಡುತ್ತಾರೆ? ಕೊನೆಗೆ ವಿಜಯಲಕ್ಷ್ಮಿಯೇ ತನ್ನ ಕೋಣೆಯ ಕಿಟಕಿ ಮುಚ್ಚಿ, ಬಾಗಿಲಿಗೆ ರಜಾಯಿ ನೇತುಹಾಕಿ, ಭಾನುವಾರಗಳಲ್ಲಿ ಕೂತು ಎಂಟು ಸಾವಿರ ವಾಕ್ಯಗಳನ್ನು ಓದಿ ತುಂಬಿದಳು. ಆ ಮನೆಯಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. "ಬಾ ಕಂದಾ", "ನಿಂಗೇನು ಹೇಳಿದ್ನಲ್ಲ", "ಉಂಡು ಮಲಕ್ಕೋ" ಎಂದೆಲ್ಲ ಗೋಡೆಗೆ ಹೇಳಿದಳು. ಎಷ್ಟು ಬೆಂಗಳೂರಿನ ಮಾತು ಆಡಿದರೂ ಅವಳ ರಾಗದಲ್ಲಿ ಜಮಖಂಡಿ ಉಳಿದಿತ್ತು. ಆ ರಾಗವೂ ಪಟ್ಟಿಯೊಳಗೆ ಹೋಯಿತು.

"ಏನಮ್ಮ, ನೀನು ಹುಬ್ಬಳ್ಳಿ ಕಡೆಯವಳಾ?" ಎಂದು ಗಿರಾಕಿಗಳು ಕೇಳುತ್ತಿದ್ದರು.

"ಸ್ವರ ಆ ಕಡೆಯಿಂದ ತರ್ಸಿದೀನಿ," ಎನ್ನುತ್ತಿದ್ದರು ನಾರಾಯಣಮ್ಮ. "ಸೊಪ್ಪು ಇಲ್ಲೀದೇ."

ಪರೀಕ್ಷೆಗೆಂದು ಒಪ್ಪಿಕೊಂಡವರು ಹನ್ನೊಂದು ಮಂದಿ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಶರ್ವಾಣಿ ಎಂಬಾಕೆ ಅವರನ್ನು ಕಳಿಸಿಕೊಟ್ಟಿದ್ದಳು. ಹತ್ತು ಜನ ಒಬ್ಬೊಬ್ಬರಾಗಿ ಬಿಟ್ಟುಹೋದರು. ಕೆಲವರಿಗೆ ಪಟ್ಟಿ ತುರಿಸುತ್ತಿತ್ತು, ಕೆಲವರಿಗೆ ತಾಳ್ಮೆ ಇರಲಿಲ್ಲ, ಇಬ್ಬರು ತೀರಿಕೊಂಡರು. ನಾರಾಯಣಮ್ಮ ಉಳಿದರು. ವಿಜಯಲಕ್ಷ್ಮಿ ಪ್ರತಿ ಶನಿವಾರ ಹೋಗಿ ಗಾಡಿಯ ಜೊತೆ ನಡೆಯುತ್ತಿದ್ದಳು, ಪುಸ್ತಕದಲ್ಲಿ ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದಳು. ಆರು ತಿಂಗಳಾದ ಮೇಲೆ ಬರೆದುಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೂ ಹೋಗುತ್ತಿದ್ದಳು. ತನ್ನ ದನಿ ಸ್ಕೂಟರಿನವನಿಗೆ ಬೈಯುವುದನ್ನು, ಫೋನಿನಲ್ಲಿ ಮೊಮ್ಮಗಳನ್ನು "ಕಂದಾ" ಎಂದು ಕರೆಯುವುದನ್ನು ಕೇಳುತ್ತ ನಡೆಯುವುದು ಅವಳಿಗೆ ಹಿತವಾಗಿತ್ತು. ಆ ದನಿಗೆ ಅತ್ತ ಕಡೆಯಿಂದ ಯಾರೋ ಉತ್ತರ ಕೊಡುತ್ತಿದ್ದರು.

ಕಂಪನಿಯಲ್ಲಿ ಇದಕ್ಕೆ ಮೊದಲು ಸಿಕ್ಕಿದ್ದು ಚಪ್ಪಾಳೆ. ವಿದೇಶದಿಂದ ದೊಡ್ಡವರೊಬ್ಬರು ಬಂದಾಗ ನಾರಾಯಣಮ್ಮನನ್ನು ಕಂಪನಿಯ ಕಾರಿನಲ್ಲೇ ಕರೆಸಿ ವೇದಿಕೆ ಹತ್ತಿಸಿದರು. ಏನು ಮಾತಾಡಬೇಕೆಂದು ಒಂದು ಹಾಳೆ ಬರೆದುಕೊಟ್ಟಿದ್ದರು. ನಾರಾಯಣಮ್ಮ ಅದನ್ನು ನೋಡಲೇ ಇಲ್ಲ. "ಎಲ್ಲಾರ್ದೂ ತಿಂಡಿ ಆಯ್ತಾ?" ಎಂದರು. ಆರುನೂರು ಜನ ಎದ್ದು ನಿಂತರು. ವಿಜಯಲಕ್ಷ್ಮಿಗೆ ಗಾಜಿನ ಫಲಕ ಕೊಟ್ಟರು. ನಾಲ್ಕು ಜನರ ತಂಡ ಮೂವತ್ತೊಂದು ಜನರದಾಯಿತು. ಆ ಮೂವತ್ತೊಂದು ಜನರಲ್ಲಿ ನಾರಾಯಣಮ್ಮನ ಗಾಡಿಯ ಹತ್ತಿರ ಹೋಗಿ ನಿಂತವರು ಇಬ್ಬರೇ.

ಮೀಟಿಂಗುಗಳು ಶುರುವಾದವು. ಫೋನ್ ತಯಾರಿಸುವ ವಿಭಾಗದವರು, ಇದನ್ನು ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನಿನೊಳಗೆ ಸೇರಿಸಿ, ಆಫೀಸಿನವರು ಸದ್ದಿಲ್ಲದೆ ಮಾತಾಡಬಹುದು ಎಂದರು. ಗಲ್ಲದ ಕೆಳಗಿನ ಸ್ನಾಯುವನ್ನು ಕಿವಿಯಿಂದ ಓದುವುದು ಹೇಗೆಂದು ಕೇಳಿದರೆ, ಅದನ್ನು ನೀವೇ ಕಂಡುಹಿಡಿಯಬೇಕು ಎಂದರು. ಆರೋಗ್ಯ ವಿಭಾಗದವರು ಮೂರು ವರ್ಷದ ಪರೀಕ್ಷೆ ಬೇಕೆಂದರು. ಅದಕ್ಕೆ ಒಪ್ಪಿದ್ದ ಮುಖ್ಯಸ್ಥ ಹದಿನಾಲ್ಕು ತಿಂಗಳಿಗೆ ಬೇರೆ ಹುದ್ದೆಗೆ ಹೋದ. ಅವನ ಜಾಗಕ್ಕೆ ಬಂದವಳಿಗೆ ಎಲ್ಲವನ್ನೂ ಮೊದಲಿಂದ ವಿವರಿಸಬೇಕಾಯಿತು. ಮಾರಾಟದವರು ಮೊದಲು ಇಂಗ್ಲಿಷಿನಲ್ಲಿ ಬರಲಿ, ಕನ್ನಡ ಆಮೇಲೆ ನೋಡೋಣ ಎಂದರು. ಪಟ್ಟಿಯ ಹೆಸರು ಮೂರು ಸಲ ಬದಲಾಯಿತು. ಫೋನಿನೊಳಗೇ ನಡೆಯುತ್ತಿದ್ದ ಲೆಕ್ಕಾಚಾರವನ್ನೆಲ್ಲ ಕಂಪನಿಯ ದೊಡ್ಡ ಸರ್ವರಿಗೆ ಸಾಗಿಸಬೇಕೆಂದು ಆದೇಶ ಬಂತು. ಅದರಿಂದ ಮಾತು ಚುರುಕಾಯಿತು ನಿಜ, ಆದರೆ ನೆಟ್‌ವರ್ಕ್ ಇಲ್ಲದ ಕಡೆ ನಾರಾಯಣಮ್ಮ ಮತ್ತೆ ಮೂಕಿಯಾಗುತ್ತಿದ್ದರು. ಪ್ರತಿಯೊಬ್ಬರ ಮಾತಿನಲ್ಲೂ ಒಂದಿಷ್ಟು ಸತ್ಯ ಇತ್ತು. ಎಲ್ಲವನ್ನೂ ಸೇರಿಸಿದಾಗ ಪಟ್ಟಿ ಯಾರಿಗಾಗಿ ಎಂಬುದೇ ಗೊತ್ತಾಗದಂತಾಯಿತು. ಎಸ್.ಪಿ. ರೋಡಿನಲ್ಲಿ ಆ ಬ್ಯಾಟರಿ ಮೈಕು ಮಾಡಿದವನು ಯಾರನ್ನು ಕೇಳಿ ಮಾಡಿದ್ದನೋ ಎಂದು ವಿಜಯಲಕ್ಷ್ಮಿ ಮೀಟಿಂಗಿನ ನಡುವೆ ಎಷ್ಟೋ ಸಲ ಯೋಚಿಸಿದ್ದಳು.

ಮೂರನೆಯ ವರ್ಷದ ಫೆಬ್ರವರಿಯಲ್ಲಿ ಒಂದು ಸೋಮವಾರ ಸುಮೇಧ ಅವಳನ್ನು ಕ್ಯಾಂಟೀನಿಗೆ ಕರೆದ. ಅವನು ಅವಳ ಮೇಲಿನ ಅಧಿಕಾರಿ, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಬಸವನಗುಡಿಯಲ್ಲಿ ಬೆಳೆದವನು. ಕೆಟ್ಟವನಲ್ಲ. ಕೆಟ್ಟ ಸುದ್ದಿಯನ್ನು ಕೋಣೆಯೊಳಗೆ ಹೇಳಬಾರದೆಂದು ಅವನಿಗೊಂದು ನಂಬಿಕೆ.

"ನಿಲ್ಲಿಸ್ತಿದಾರೆ ವಿಜಿ," ಅಂದ. "ಮುಂದಿನ ಸೋಮವಾರಕ್ಕೆ ಸರ್ವರ್ ಆಫ್."

"ಯಾರು ಬೇಡ ಅಂದಿದ್ದು?"

"ಬೇಡ ಅಂತ ಇಲ್ಲಿ ಯಾರೂ ಅನ್ನಲ್ಲ. ತಗೋತೀನಿ ಅಂತ ಯಾರೂ ಅನ್ನಲಿಲ್ಲ, ಅಷ್ಟೇ."

"ಆರುನೂರು ಜನ ಎದ್ದು ಚಪ್ಪಾಳೆ ಹೊಡೆದ್ರಲ್ಲ."

"ಚಪ್ಪಾಳೆ ಹೊಡೆಯೋಕೆ ಯಾರೂ ಜವಾಬ್ದಾರಿ ತಗೋಬೇಕಿಲ್ಲ." ಸುಮೇಧ ಕಾಫಿಯ ಲೋಟವನ್ನು ತಿರುಗಿಸುತ್ತ ಕೂತ. "ನೋಡು, ಇದನ್ನ ಕೈಗೆ ತಗೊಂಡವನು ಮೂರು ವರ್ಷ ಕಾಯ್ಬೇಕು. ಇಲ್ಲಿ ಮೂರು ವರ್ಷ ಒಂದೇ ಕುರ್ಚೀಲಿ ಕೂತಿರೋರು ಯಾರಿದಾರೆ? ಗೆದ್ರೆ ಹೆಸರು ಮುಂದೆ ಬರೋನಿಗೆ, ಸೋತ್ರೆ ಇವನ ತಲೆ ಮೇಲೆ. ಅದೇ ಹತ್ತು ಜನರ ಕಂಪನಿ ಆಗಿದ್ರೆ ಅವರಿಗೆ ಇದೇ ಅನ್ನ. ಬಿದ್ದೋ ಎದ್ದೋ ಮಾಡಿರೋರು. ನಮಗೆ ಇದು ಉಪ್ಪಿನಕಾಯಿ. ಉಪ್ಪಿನಕಾಯಿ ಇಲ್ದಿದ್ರೂ ಊಟ ನಡೆಯುತ್ತೆ."

"ಹಂಗಿದ್ರೆ ಅಂಥಾ ಹತ್ತು ಜನಕ್ಕೆ ಕೊಟ್ಟುಬಿಡಬಹುದಲ್ಲ."

"ಪೇಟೆಂಟ್ ಇದೆ. ಬಿಟ್ಟುಕೊಡೋಕೂ ಯಾರಾದ್ರೂ ಸಹಿ ಹಾಕ್ಬೇಕು. ಅದಕ್ಕೂ ಯಾರೂ ಇಲ್ಲ."

ಅವನು ಒಂದು ಹಾಳೆಯನ್ನು ಅವಳ ಕಡೆ ಸರಿಸಿದ. ಹೊರಗೆ ಕೊಟ್ಟಿರುವ ಪಟ್ಟಿಗಳನ್ನೆಲ್ಲ ವಾಪಸು ತರಬೇಕು. ತನ್ನ ಬಳಿ ಇರುವ ಪ್ರತಿಗಳನ್ನೆಲ್ಲ ಅಳಿಸಿದ್ದೇನೆಂದು ಸಹಿ ಹಾಕಬೇಕು.

ಅಳಿಸಬೇಕಾದದ್ದು ಒಂದಿತ್ತು. ಮೊದಲ ವರ್ಷದ ಆವೃತ್ತಿ, ವಿಜಯಲಕ್ಷ್ಮಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಅದಕ್ಕೆ ಸರ್ವರೂ ಬೇಡ, ನೆಟ್ಟೂ ಬೇಡ. ಇನ್ನೂರ ಹದಿನಾಲ್ಕು ವಾಕ್ಯಗಳಷ್ಟೇ ಬರುತ್ತಿದ್ದವು, ಅದೂ ತಡವರಿಸಿಕೊಂಡು. ಅವುಗಳಲ್ಲಿ ಅರ್ಧ ಸೊಪ್ಪಿನವೇ.

"ಒಂದು ಮಾತು ಕೇಳ್ತೀನಿ," ಅಂದಳು. "ಆ ಹಳೇದನ್ನ ಆಯಮ್ಮನ ಫೋನಿಗೆ ಹಾಕಿ, ಪಟ್ಟಿ ಕಳೆದುಹೋಯ್ತು ಅಂತ ಬರೆದುಬಿಟ್ರೆ?"

ಸುಮೇಧ ಅವಳ ಮುಖ ನೋಡಲಿಲ್ಲ. "ನಾನು ಇದನ್ನ ಕೇಳಿಸ್ಕೊಂಡಿಲ್ಲ," ಎಂದು ಎದ್ದು ಲೋಟ ಇಡಲು ಹೋದ. ಆ ಮಾತು ಹೂಂ ಅಂತಲೋ ಊಹೂಂ ಅಂತಲೋ ಅವಳಿಗೆ ತಿಳಿಯಲಿಲ್ಲ.

ಆ ವಾರ ಅವಳು ದಿನಾ ಆಫೀಸಿಗೆ ಹೋದಳು, ದಿನಾ ಬಂದಳು. ಲ್ಯಾಪ್‌ಟಾಪ್ ಅಡುಗೆಮನೆಯ ಕಟ್ಟೆಯ ಮೇಲಿತ್ತು. ನಾಳೆ ಹಾಕಿಕೊಟ್ಟರಾಯಿತು ಎಂದು ಮಂಗಳವಾರ ಅಂದುಕೊಂಡಳು. ಬುಧವಾರ ಕಾನೂನು ವಿಭಾಗದಿಂದ ಒಂದು ಇಮೇಲ್ ಬಂತು, ಎಲ್ಲರಿಗೂ ಕಳಿಸುವಂಥದ್ದೇ. ಆದರೂ ತನಗೇ ಬರೆದಂತಿತ್ತು. ಪಟ್ಟಿ ಏನೋ ತಪ್ಪು ಆಡಿ ಏನಾದರೂ ಆದರೆ? ಯಾರಾದರೂ ಪತ್ತೆ ಹಚ್ಚಿದರೆ? ನಲವತ್ನಾಲ್ಕಕ್ಕೆ ಹೊರಗೆ ಹಾಕಿದರೆ ಯಾರು ಕರೆದು ಕೆಲಸ ಕೊಡುತ್ತಾರೆ? ಊರಿನಲ್ಲಿ ಅವ್ವನಿಗೆ ಏನು ಹೇಳುವುದು? ಕೇಳೋಣವೆಂದರೆ ಕೇಳಬಹುದಾದ ಒಬ್ಬ ಮನುಷ್ಯನೂ ಅವಳಿಗೆ ನೆನಪಾಗಲಿಲ್ಲ. ಫೋನಿನಲ್ಲಿ ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ನೋಡಿದಳು. ಗ್ಯಾಸಿನವನು, ಮನೆ ಮಾಲೀಕ, ಆಫೀಸಿನ ಹಳೆಯ ತಂಡಗಳು.

ಶನಿವಾರ ಬೆಳಿಗ್ಗೆ ಚಹಾ ಕುಡಿದು ಲ್ಯಾಪ್‌ಟಾಪ್ ತೆರೆದು ಅದನ್ನು ಅಳಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಹಾಳೆಗೆ ಸಹಿ ಹಾಕಿ ಚೀಲದಲ್ಲಿಟ್ಟುಕೊಂಡು ಜೆ.ಪಿ. ನಗರದ ಬಸ್ಸು ಹತ್ತಿದಳು.

ನಾರಾಯಣಮ್ಮ ಹಾಲಿನ ಬೂತಿನ ಪಕ್ಕದ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ ಕೊತ್ತಂಬರಿಗೆ ನೀರು ಚಿಮುಕಿಸುತ್ತಿದ್ದರು. ವಿಜಯಲಕ್ಷ್ಮಿ ಎಲ್ಲವನ್ನೂ ಹೇಳಿದಳು: ಕಂಪನಿ ನಿಲ್ಲಿಸುತ್ತಿದೆ, ಸೋಮವಾರ ಮಾತು ನಿಲ್ಲುತ್ತದೆ, ಪಟ್ಟಿ ವಾಪಸು ಕೊಡಬೇಕು. ನಾರಾಯಣಮ್ಮ ಕೈ ಒರೆಸಿಕೊಂಡು ಕೇಳುತ್ತಿದ್ದರು.

"ಚೆನ್ನಾಗಿಲ್ಲ ಅಂತಾನಾ ನಿಲ್ಸಿದ್ದು?"

"ಅಲ್ಲ. ಚೆನ್ನಾಗಿದೆ ಅಂತಾನೇ ಎಲ್ಲಾರೂ ಅಂದ್ರು."

"ಮತ್ತೆ?"

ವಿಜಯಲಕ್ಷ್ಮಿ ಸುಮೇಧ ಹೇಳಿದ್ದನ್ನು ಹೇಳಲು ಹೋಗಿ, ಗಾಡಿಯ ಮುಂದೆ ನಿಂತು ಆ ಮಾತುಗಳನ್ನು ಆಡಲು ನಾಚಿಕೆಯಾಗಿ ಬಿಟ್ಟಳು.

ನಾರಾಯಣಮ್ಮ ಸ್ವಲ್ಪ ಯೋಚಿಸಿದರು. "ಮೊದಲ್ನೇ ವರ್ಷ ಕೊಟ್ಟಿದ್ರಲ್ಲ ಮೇಡಂ, ನೆಟ್ ಇಲ್ದೇನೇ ಓಡ್ತಿತ್ತು. ತಡವರಿಸ್ಕೊಂಡು ಮಾತಾಡ್ತಿತ್ತು. ಅದೇ ಸಾಕು ನಂಗೆ. ಅದನ್ನಾದ್ರೂ ಹಾಕ್ಕೊಡಿ."

ತನ್ನದೇ ದನಿ, ತನ್ನದೇ ರಾಗ, ತನ್ನನ್ನೇ ಬೇಡಿಕೊಳ್ಳುತ್ತಿತ್ತು. ವಿಜಯಲಕ್ಷ್ಮಿಗೆ ಸುಳ್ಳು ಹೇಳುವ ಅವಕಾಶ ಇತ್ತು. ಅದು ಹಾಳಾಗಿಹೋಗಿದೆ ಎಂದರೆ ಮುಗಿಯುತ್ತಿತ್ತು.

"ಅದು ಈಗಿಲ್ಲ ನಾರಾಯಣಮ್ಮ."

"ಎಲ್ಲೋಯ್ತು?"

"ಅಳಿಸಿಬಿಟ್ಟೆ."

"ಯಾವಾಗ?"

"ಇವತ್ತು ಮುಂಜಾನೆ."

ಹಾಲಿನ ಬೂತಿಗೆ ಬಂದವನೊಬ್ಬ ಗಾಡಿಯ ಬಳಿ ನಿಂತು ಪುದೀನಾ ಇದೆಯಾ ಎಂದ. ನಾರಾಯಣಮ್ಮ ಅವನ ಕಡೆ ತಿರುಗಲಿಲ್ಲ.

"ಯಾಕೆ?"

"ಹೆದರಿಕಿ ಆತ್ರಿ ನನಗ," ಅಂದಳು ವಿಜಯಲಕ್ಷ್ಮಿ. ಇಪ್ಪತ್ತೊಂದು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಮುಂದೆ ಆಡದಿದ್ದ ಮಾತು ತಾನಾಗಿ ಬಾಯಿಗೆ ಬಂತು. "ನೌಕರಿ ಹೋದೀತು ಅಂತ ಹೆದರಿದ್ನಿ."

ನಾರಾಯಣಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುದೀನಾದ ಕಟ್ಟು ತೆಗೆದು ಗಿರಾಕಿಗೆ ಕೊಟ್ಟು, ಅವನು ಹೋದ ಮೇಲೆ, ಗಾಡಿಯ ಹಿಡಿಯನ್ನು ಹಿಡಿದುಕೊಂಡು ಹೇಳಿದರು.

"ನನ್ನ ಒಂದು ಮಾತು ಕೇಳಿ ಅಳಿಸ್ಬೇಕಿತ್ತು ಮೇಡಂ."

ಅಷ್ಟು ಹೇಳಿ ಗಾಡಿ ತಳ್ಳಿಕೊಂಡು ಹೊರಟರು. ಆ ಶನಿವಾರ ವಿಜಯಲಕ್ಷ್ಮಿ ಜೊತೆಗೆ ನಡೆಯಲಿಲ್ಲ. ಬೀದಿಯ ತಿರುವಿನವರೆಗೂ ತನ್ನ ದನಿ ದಂಟಿನ ಸೊಪ್ಪು ಎಳೆಯದು ಎಂದು ಯಾರಿಗೋ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಆಮೇಲೆ ಬಸ್ಸೊಂದು ಬಂದು ಆ ಸದ್ದಿನಲ್ಲಿ ಮುಚ್ಚಿಹೋಯಿತು.

ಬೇರೆಯವರನ್ನು ಬೈಯುತ್ತ ಕೂತಿದ್ದ ಮೂರು ವರ್ಷಗಳು ಅವಳಿಗೆ ಆ ಬಸ್‌ಸ್ಟಾಪಿನಲ್ಲಿ ನೆನಪಾದವು. ಯಾರೂ ಬೇಡ ಅನ್ನಲಿಲ್ಲ, ಯಾರೂ ಕೈಗೆ ತಗೊಳ್ಳಲಿಲ್ಲ. ಐದು ದಿನ ಅವಳ ಕೈಯಲ್ಲೂ ಇತ್ತು. ಅವಳೂ ನಾಳೆ ನಾಳೆ ಎಂದು ಮುಂದೂಡಿ, ಒಂದು ಇಮೇಲಿಗೆ ಹೆದರಿ, ಕಂಪನಿ ಮಾಡಿದ್ದನ್ನೇ ಮಾಡಿದ್ದಳು. ಬಸ್ಸು ಬಂತು, ಹತ್ತದೆ ಬಿಟ್ಟಳು. ಮುಂದಿನದನ್ನು ಹತ್ತಿದಳು.

ಸೋಮವಾರ ಬೆಳಿಗ್ಗೆ ಜರಗನಹಳ್ಳಿಯ ವಠಾರಕ್ಕೆ ಹೋದಾಗ ನಾರಾಯಣಮ್ಮ ಪಟ್ಟಿಯನ್ನು ಆಗಲೇ ಬಿಚ್ಚಿ, ಒರೆಸಿ, ಒಗೆದ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಸಂಜೆಯವರೆಗೂ ಮಾತಾಡಬಹುದಿತ್ತು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಸುಧಾಮಣಿ ಹೇಳಿದಳು, "ನಿನ್ನೆ ಮಗಳ ಮನೆಗೆ ಹೋಗಿದ್ರು ಮೇಡಂ. ಬೆಳಿಗ್ಗೆಯಿಂದ ಸಂಜೆ ತನಕ ಮೊಮ್ಮಗಳ ಹತ್ರ ಮಾತಾಡಿದಾರೆ ಅಂತೆ. ಆ ಮಗು ನಿದ್ದೆ ಹೋದ್ರೂ ಬಿಟ್ಟಿಲ್ವಂತೆ."

ನಾರಾಯಣಮ್ಮ ಗಂಟನ್ನು ಎರಡೂ ಕೈಯಿಂದ ಕೊಟ್ಟರು. ವಿಜಯಲಕ್ಷ್ಮಿ ಸ್ವಲ್ಪ ಹೊತ್ತು ನಿಂತಳು. ಒಂದು ಮಾತಿಗಾಗಿ ನಿಂತಿದ್ದೇನೆಂದು ಅವಳಿಗೇ ಗೊತ್ತಿತ್ತು. ಆಡಬೇಕಾದವರ ಜೊತೆ ಆಡಬೇಕಾದದ್ದನ್ನೆಲ್ಲ ನಾರಾಯಣಮ್ಮ ಹಿಂದಿನ ದಿನವೇ ಆಡಿ ಮುಗಿಸಿದ್ದರು.

ಆಫೀಸಿನ ನೆಲಮಾಳಿಗೆಯ ಕೌಂಟರಿನಲ್ಲಿ ಒಬ್ಬಾತ ಪಟ್ಟಿಯ ಹಿಂದಿನ ನಂಬರು ನೋಡಿ, ಪಟ್ಟಿಯನ್ನು ಒಂದು ರಟ್ಟಿನ ಡಬ್ಬಕ್ಕೆ ಹಾಕಿದ. ಬಟ್ಟೆಯನ್ನು ವಾಪಸು ಕೊಟ್ಟ. ಡಬ್ಬದಲ್ಲಿ ಬೇರೆ ಬೇರೆ ತಂಡಗಳ ಸಾಮಾನುಗಳಿದ್ದವು, ಒಂದು ಕೈಗಡಿಯಾರ, ಎರಡು ಕನ್ನಡಕ, ಏನೆಂದು ಗೊತ್ತಾಗದ ಒಂದು ನೀಲಿ ಗೋಲ. ಅವುಗಳನ್ನು ಮಾಡಿದವರೂ ಎಂದೋ ಚಪ್ಪಾಳೆ ಕೇಳಿದ್ದಿರಬೇಕು.

ವಿಜಯಲಕ್ಷ್ಮಿಯನ್ನು ಮೀಟಿಂಗುಗಳ ಸಾರಾಂಶ ಬರೆಯುವ ತಂತ್ರಾಂಶದ ತಂಡಕ್ಕೆ ಹಾಕಿದರು. ಕೆಲಸ ಕಷ್ಟದ್ದಲ್ಲ. ಶನಿವಾರಗಳು ಉದ್ದವಾದವು. ಬಟ್ಟೆ ಒಗೆದು, ಅನ್ನ ಸಾರು ಮಾಡಿ, ಮಧ್ಯಾಹ್ನ ಮಲಗಿ ಎದ್ದರೂ ದಿನ ಮುಗಿಯುತ್ತಿರಲಿಲ್ಲ. ಎರಡು ಸಲ ಜೆ.ಪಿ. ನಗರದವರೆಗೆ ಹೋಗಿ, ಗಾಡಿಯನ್ನು ದೂರದಿಂದ ನೋಡಿ, ಹತ್ತಿರ ಹೋಗದೆ ಬಂದಳು. ಒಂದೊಂದು ದಿನ ರಾತ್ರಿ ಊಟಕ್ಕೆ ಕೂತಾಗ, ಬೆಳಗಿನಿಂದ ಯಾರೊಂದಿಗೂ ಮಾತಾಡಿಲ್ಲ ಎಂದು ಹೊಳೆದು, ಸುಮ್ಮನೆ ಕೆಮ್ಮಿ ದನಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಜೂನ್ ಕೊನೆಯಲ್ಲಿ ಶರ್ವಾಣಿ ಫೋನ್ ಮಾಡಿದಳು. ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಅನ್ನನಾಳದಿಂದ ಮಾತಾಡುವುದನ್ನು ಗುರುವಾರ ಗುರುವಾರ ಕಲಿಸುತ್ತಿದ್ದಾಳಂತೆ. ಗಾಳಿ ನುಂಗಿ, ತೇಗಿನಂತೆ ಹೊರಗೆ ಬಿಟ್ಟು, ಅದನ್ನೇ ಮಾತು ಮಾಡಬೇಕು. "ಸದ್ದಿನ ಬಗ್ಗೆ ನಿಮಗೆ ಗೊತ್ತಲ್ಲ, ರೆಕಾರ್ಡ್ ಮಾಡಿ ಅವರಿಗೆ ಕೇಳಿಸೋಕೆ ಒಬ್ರು ಬೇಕು. ಕಂಪನಿದಲ್ಲ, ಸುಮ್ನೆ ಬರ್ತೀರಾ?"

ವಿಜಯಲಕ್ಷ್ಮಿ ರಜೆ ಹಾಕಿ ಹೋದಳು. ಆಸ್ಪತ್ರೆಯ ಮೂರನೇ ಮಹಡಿಯ ಸಣ್ಣ ಕೋಣೆಯಲ್ಲಿ ಎಂಟು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ವೃತ್ತವಾಗಿ ಕೂತಿದ್ದರು. ಎಲ್ಲರ ಕತ್ತಿಗೂ ಬಿಳಿ ಬಟ್ಟೆ. ಕೋಣೆಯ ತುಂಬ ಕಪ್ಪೆಗಳ ಹಾಗೆ ಸದ್ದು. ಬಾಗಿಲ ಬಳಿಯ ಕುರ್ಚಿಯಲ್ಲಿ ನಾರಾಯಣಮ್ಮ ಇದ್ದರು.

ವಿಜಯಲಕ್ಷ್ಮಿ ಬಾಗಿಲಲ್ಲೇ ನಿಂತಳು. ಒಳಗೆ ಹೋಗುವುದೋ ತಿರುಗಿ ಹೋಗುವುದೋ ತಿಳಿಯಲಿಲ್ಲ. ನಾರಾಯಣಮ್ಮ ಅವಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲವನ್ನು ತೆಗೆದು ನೆಲಕ್ಕಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು ಗಾಳಿ ನುಂಗಿದರು. ಕಣ್ಣು ಅಗಲವಾಯಿತು.

"ಕೂ… ತ್ಕೋ."

ಒರಟು ದನಿ, ಒಡೆದ ದನಿ. ಅದರಲ್ಲಿ ಜಮಖಂಡಿಯ ರಾಗ ಇರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ನಾರಾಯಣಮ್ಮ ಅವಳನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕೂತ್ಕೊಳ್ಳಿ ಅನ್ನುವಷ್ಟು ಗಾಳಿ ಉಳಿದಿರಲಿಲ್ಲವೋ, ಬೇಕೆಂದೇ ಹಾಗೆ ಅಂದರೋ, ವಿಜಯಲಕ್ಷ್ಮಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಹೋಗಿ ಪಕ್ಕದಲ್ಲಿ ಕೂತು, ರೆಕಾರ್ಡರಿನ ವೈರು ಬಿಡಿಸತೊಡಗಿದಳು.